ಮಾತೆಯ ಹಸಿರು ಸೀರೆ

ಸೇಫ್ಟಿಪಿನ್ನು ಕೈಜಾರಿ ಕಲ್ಲಿನ ನೆಲಕ್ಕೆ ಬಿದ್ದ ಸಣ್ಣ ಸದ್ದಿಗೇ ಲೂರ್ದಮ್ಮ ಬೆಚ್ಚಿದಳು. ಮಾನ್ವಿಯ ಆ ಚರ್ಚಿನಲ್ಲಿ ಅಷ್ಟು ರಾತ್ರಿ ಬೇರೆ ಯಾರೂ ಇರಲಿಲ್ಲ. ಬೆಳಗಾದರೆ ಹಬ್ಬ. ಪ್ರತಿ ವರ್ಷ ಮಾತೆ ಮರಿಯಮ್ಮನ ಪ್ರತಿಮೆಗೆ ಲೂರ್ದಮ್ಮನ ಮನೆಯ ಸೀರೆಯೇ. ಈ ಸಲ ಫಾದರ್ ಹುಲಗೆಮ್ಮ ಕೊಟ್ಟ ಸೀರೆ ಉಡಿಸಲು ಹೇಳಿದ್ದರು. ಹತ್ತಿ ಬಿಡಿಸುವ ಆ ಹೆಂಗಸು ಜ್ಞಾನಸ್ನಾನ ಪಡೆದವಳೂ ಅಲ್ಲ. ಮೊಮ್ಮಗಳು ಬದುಕಲೆಂದು ಹರಕೆ ಹೊತ್ತಿದ್ದಳು, ಅಷ್ಟೇ.

ಲೂರ್ದಮ್ಮ ಆ ಹಸಿರು ನೂಲಿನ ಸೀರೆಯನ್ನು ಚೀಲಕ್ಕೆ ತುರುಕಿದಳು. ಅದೇ ಬಣ್ಣದ ತನ್ನ ರೇಷ್ಮೆ ಸೀರೆಯನ್ನು ನೆರಿಗೆ ತೀಡಿ ತೀಡಿ ಉಡಿಸಿದಳು. ಸೀರೆ ತನ್ನದೆಂದು ಜನಕ್ಕೆ ಗೊತ್ತಾಗದಿದ್ದರೂ ಮಾತೆಗೆ ಗೊತ್ತಿದ್ದರೆ ಸಾಕು ಎಂದುಕೊಂಡಳು.

ಬೆಳಿಗ್ಗೆ ಮೊಮ್ಮಗಳನ್ನು ಎತ್ತಿಕೊಂಡು ಬಂದ ಹುಲಗೆಮ್ಮ ಪ್ರತಿಮೆಯ ಸೆರಗಿನ ತುದಿ ಮುಟ್ಟಿ, ಕೈ ಹಿಂದಕ್ಕೆ ಎಳೆದುಕೊಂಡಳು. ಮತ್ತೆ ಮುಟ್ಟಿದಳು. "ಯವ್ವಾ! ನಾ ಕೊಟ್ಟಿದ್ದು ನೂಲಿಂದು. ಅವ್ವ ಉಟ್ಟು ರೇಷ್ಮಿ ಮಾಡ್ಯಾಳ, ನೋಡ್ರಿ!"

ಜನ ನುಗ್ಗಿದರು. "ಪುಣ್ಯಾತ್ಗಿತ್ತಿ ಬಿಡಬೇ ನೀ" ಎನ್ನುತ್ತ ಒಬ್ಬಳು ಹುಲಗೆಮ್ಮನ ಕಾಲಿಗೇ ಬಿದ್ದಳು. ಫಾದರ್ ಲೂರ್ದಮ್ಮನತ್ತ ತಿರುಗಿದರು. "ಉಡಿಸಿದವರು ನೀವಲ್ಲೇನಮ್ಮಾ? ಏನಿದು?"

ಅದು ನಂದು ಎಂಬ ಮಾತು ಲೂರ್ದಮ್ಮನ ನಾಲಿಗೆಯ ತುದಿಗೆ ಬಂದೇಬಿಟ್ಟಿತು. ಆದರೆ ಹಾಗೆಂದರೆ ಬಚ್ಚಿಟ್ಟ ಸೀರೆಯನ್ನೂ ತೋರಿಸಬೇಕಿತ್ತು.

"ಹುಲಗೆಮ್ಮ ಕೊಟ್ಟಿದ್ದನ್ನ ಉಡಿಸೀನ್ರಿ ಫಾದರ್" ಎಂದಳು. ರಾತ್ರಿಯೇ ಮನೆಯ ಟ್ರಂಕಿನ ತಳಕ್ಕೆ ಸೇರಿಸಿದ್ದ ನೂಲಿನ ಸೀರೆಯ ವಿಷಯವನ್ನು ಯಾರಿಗೂ, ಫಾದರ್ ಎದುರಿನ ಪಾಪನಿವೇದನೆಯಲ್ಲೂ, ಹೇಳಬಾರದೆಂದು ಆಗಲೇ ನಿರ್ಧರಿಸಿಬಿಟ್ಟಳು.