ಜಿಡ್ಡು

ಬಂಡ್ಯಾನ ಬೆನ್ನಿಗೆ ಕಡಲೆಹಿಟ್ಟು ತಿಕ್ಕಿ ಬೆಚ್ಚಗಿನ ನೀರು ಹೊಯ್ದ ಮೇಲೆ ಮುಂಡಪ್ಪ ಶೆಟ್ಟರಿಗೆ ಮೊದಲ ಸಲ ಅನುಮಾನ ಬಂತು. ಮಗಳು ಬಿಟ್ಟುಹೋದಾಗ ಈ ಕಾಕಟೀಲ್ ಗಿಳಿ ಹೀಗಿರಲಿಲ್ಲ. ಹಳದಿ ಜುಟ್ಟು ನೆತ್ತಿಗೆ ಅಂಟಿತ್ತು. ಗುರುತಿಗೆಂದು ಕೆನ್ನೆಯ ಕೇಸರಿ ಬೊಟ್ಟು ಉಳಿದಿತ್ತು. ಮಿಕ್ಕಿದ್ದೆಲ್ಲ ಅಂಗೈಯೊಳಗೆ ನಡುಗುವ ಒಂದು ಹಿಡಿ ಮೂಳೆ.

ಹೆಂಡತಿ ಜಯಲತಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಮ್ಮೆ ಸಿಂಕನ್ನು, ಒಮ್ಮೆ ಹಿಟ್ಟಿನ ಡಬ್ಬವನ್ನು ನೋಡಿದರು.

"ಎಂತ ಮಾರಾಯ್ರೆ, ಮಗಳು ಬರುವಾಗ ಬಜ್ಜಿ ಕರಿಯುವ ಅಂದಾಜಾ?"

"ತಮಾಷೆ ಬೇಡ. ನಿನ್ನೆಯಿಂದ ನೋಡ್ತಾ ಇದ್ದೇನೆ, ಬಾಲದ ಬುಡಕ್ಕೆ ಕೊಕ್ಕು ಹಾಕಿದ್ದೇ ಹಾಕಿದ್ದು. ಮುಟ್ಟಿ ನೋಡಿದ್ರೆ ಬೆರಳಿಗೆ ಜಿಡ್ಡು. ಜಿಡ್ಡಿದ್ದಲ್ಲಿ ಹುಳ ಬಾರದೆ ಇರ್ತದಾ?"

ಶೆಟ್ಟರ ಧರ್ಮಗ್ರಂಥದಲ್ಲಿದ್ದದ್ದು ಇದೊಂದೇ ಶ್ಲೋಕ. ನೌಪಾಡಾದಲ್ಲಿ ತಮ್ಮ ಹೋಟೆಲು ನಡೆಸಿದಷ್ಟು ಕಾಲವೂ ಒಲೆಯ ಹಿಂದಿನ ಗೋಡೆಯನ್ನು ಬೆರಳಿನಿಂದ ಸವರಿ, ಮೂಗಿಗೆ ಹಿಡಿದು, ಅಡುಗೆಯವರ ಮುಖ ನೋಡುವುದು ಅವರ ಬೆಳಗಿನ ಪೂಜೆಯಾಗಿತ್ತು. 'ಜಿಡ್ಡಿದ್ದಲ್ಲಿ ಜಿರಳೆ' ಎಂಬುದು ಕೇಳಿ ಕೇಳಿ ಆ ಗೋಡೆಗೂ ಬಾಯಿಪಾಠವಾಗಿತ್ತು. ಹಕ್ಕಿಗೆ ಸಾಬೂನು ಉರಿದೀತೆಂದು ಅವರು ಕರುಣೆಯಿಂದಲೇ ಕಡಲೆಹಿಟ್ಟು ಆರಿಸಿದ್ದರು. ಊರಲ್ಲಿ ಎಣ್ಣೆಸ್ನಾನದ ದಿನ ಅಮ್ಮ ಮೈಯ ಎಣ್ಣೆ ತೆಗೆಯುತ್ತಿದ್ದದ್ದು ಅದರಿಂದಲೇ.

ಮಗಳು ನಿಕಿತಾ ಮುಂದಿನ ತಿಂಗಳು ಪುಣೆಯ ಕೆಲಸಕ್ಕೆ ಹೊರಡುವವಳು. ಅಲ್ಲಿಯ ಪಿಜಿಯಲ್ಲಿ ಹಕ್ಕಿಗೆ ಜಾಗವಿಲ್ಲ. ಬಂಡ್ಯಾನನ್ನು ಡೊಂಬಿವಲಿಯ ಗೆಳತಿ ಶ್ರೀಪ್ರಿಯಾಳಿಗೆ ಕೊಡುವುದೋ, ಘೋಡಬಂದರ್ ರಸ್ತೆಯ ಈ ಮನೆಯಲ್ಲೇ ಬಿಡುವುದೋ ಎಂದು ನೋಡಲಿಕ್ಕೇ ಆಫೀಸಿನ ಟ್ರೇನಿಂಗಿಗೆ ನಾಸಿಕಕ್ಕೆ ಹೋಗುವಾಗ ಅಪ್ಪನ ಕೈಗೆ ಒಪ್ಪಿಸಿದ್ದಳು. "ಪಪ್ಪಾ, ಬಸ್ ಖಾನಾ-ಪಾನಿ. ಔರ್ ಕುಛ್ ಮತ್ ಕರ್‌ನಾ," ಎಂದು ಲಿಫ್ಟಿನ ಬಾಗಿಲು ಮುಚ್ಚುವವರೆಗೂ ಹೇಳಿದ್ದಳು, ಕಾಳು-ನೀರು ಬಿಟ್ಟು ಬೇರೇನೂ ಮಾಡಬಾರದಂತೆ. ಶೆಟ್ಟರಿಗೆ ಹಕ್ಕಿ ಬೇಕಾಗಿತ್ತು. ಹೋಟೆಲನ್ನು ಲೀಸಿಗೆ ಕೊಟ್ಟ ಮೇಲೆ ಅವರ ಮಾತನ್ನು ತಲೆ ಓರೆ ಮಾಡಿ ಕೇಳುವ ಜೀವ ಮನೆಯಲ್ಲಿ ಅದೊಂದೇ. ಕೇಳುತ್ತಿತ್ತು ಅಷ್ಟೆ, ಕೂರುವುದು ಜಯಲತಾರ ಭುಜದ ಮೇಲೆ. ಶೆಟ್ಟರು ಬೆರಳು ಚಾಚಿದರೆ ಕಚ್ಚುತ್ತಿತ್ತು.

ಅಷ್ಟರಲ್ಲಿ ಬಾಗಿಲಿನ ಬೀಗ ತೆರೆದ ಸದ್ದಾಯಿತು.

"ಪಪ್ಪಾ! ಹೇ ಕಾಯ್ ಕೇಲಂ?"

ಇದೆಂತ ಮಾಡಿದ್ದೆಂದು ಕೇಳಿದಳು ನಿಕಿತಾ. ಅವಳಿಗೆ ಕೋಪ ಬಂದರೆ ಮರಾಠಿ, ಬುದ್ಧಿ ಹೇಳುವುದಿದ್ದರೆ ಹಿಂದಿ. ಕನ್ನಡಕ್ಕೆ ಇಳಿದಳೆಂದರೆ ಸಂಧಾನವಾಯಿತೆಂದು ಆ ಮನೆಯ ಲೆಕ್ಕ. ಹಕ್ಕಿಯ ಮೈಯಿಂದ ಹಿಟ್ಟೆಲ್ಲ ತೊಳೆದು, ಟವಲಿನಲ್ಲಿ ಸುತ್ತಿ, ಬಾಲ್ಕನಿಯ ಬಿಸಿಲಿಗೆ ಒಯ್ಯುವ ತನಕ ಅವಳು ಮರಾಠಿಯಲ್ಲೇ ಇದ್ದಳು. ಆಮೇಲೆ ಹಿಂದಿಗೆ ಬಂದಳು. ಬಾಲದ ಬುಡದಲ್ಲಿರುವುದು ಒಂದು ಪುಟ್ಟ ಗ್ರಂಥಿ, ಹಕ್ಕಿಯ ಸ್ವಂತ ಎಣ್ಣೆಕುಪ್ಪಿ. ಅದನ್ನು ಕೊಕ್ಕಿನಿಂದ ಒತ್ತಿ ಎಣ್ಣೆ ತೆಗೆದು ಗರಿಗರಿಗೂ ಸವರಿಕೊಳ್ಳುತ್ತದೆ. ಗರಿಯನ್ನು ತಿಂದು ಹಾಳುಮಾಡುವ ಕಣ್ಣಿಗೆ ಕಾಣದ ಜೀವಿಗಳನ್ನು ಆ ಎಣ್ಣೆ ತಡೆಯುತ್ತದೆ. ಹೇನಿಗೂ ಅದು ಆಗಿಬರುವುದಿಲ್ಲವಂತೆ.

"ಅಂದ್ರೆ ಜಿಡ್ಡಿಗೆ ಹುಳ ಬರುವುದಲ್ಲವಾ?"

"ಉಲ್ಟಾ, ಪಪ್ಪಾ! ಜಿಡ್ಡು ಹೈ, ಇಸೀಲಿಯೇ ನಹೀಂ ಆತಾ."

ಜಿಡ್ಡಿರುವುದರಿಂದಲೇ ಹುಳ ಬರುವುದಿಲ್ಲವೆಂದು ತಿಳಿದ ಶೆಟ್ಟರು ಬಾಲ್ಕನಿಯ ಸ್ಟೂಲಿನ ಮೇಲೆ ಕೂತರು.

"ಪಾಪ, ಆ ಅಡುಗೆಯವರಿಗೆ ಜೀವಮಾನವಿಡೀ ಬೈದದ್ದು ಸುಮ್ಮನೆ," ಎಂದರು ಜಯಲತಾ.

"ಅದು ಬೇರೆ. ಅವರಿಗೆ ಬಾಲ ಇರಲಿಲ್ಲ."

ನಿಕಿತಾ ಫೋನ್ ತೆಗೆದು, "ಮೀ ಶ್ರೀಪ್ರಿಯಾಲಾ ಸಾಂಗತೇ," ಎಂದಳು. ಮತ್ತೆ ಮರಾಠಿ. ಶ್ರೀಪ್ರಿಯಾಳಿಗೆ ಹೇಳಿಬಿಡುತ್ತಾಳಂತೆ. ಏನನ್ನೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಶೆಟ್ಟರು, ಮಗಳು ನೆಲಕ್ಕಿಳಿಸಿದ ಹಕ್ಕಿಗೆ ತಾಗದಂತೆ ಒದ್ದೆ ಟವಲನ್ನು ಗಾಳಿಗೆ ಅಡ್ಡವಾಗಿ ಹಿಡಿದುಕೊಂಡು, ಇನ್ನು ಮುಟ್ಟುವುದಿಲ್ಲ ಎಂಬಂತೆ ಇನ್ನೊಂದು ಕೈಯನ್ನು ಬೆನ್ನ ಹಿಂದೆ ಕಟ್ಟಿದರು.

ಬಿಸಿಲು ಬಂಡ್ಯಾನ ಮೈಗೆ ಹತ್ತಿತು. ಒಮ್ಮೆ ಕೊಡವಿತು. ಜುಟ್ಟು ನಿಧಾನವಾಗಿ ಎದ್ದು ನಿಂತಿತು. ಆಮೇಲೆ ಕತ್ತು ಹಿಂದಕ್ಕೆ ತಿರುಗಿಸಿ ಬಾಲದ ಬುಡಕ್ಕೆ ಕೊಕ್ಕು ಹಾಕಿತು. ಅಲ್ಲಿಂದ ಎದೆಗೆ, ರೆಕ್ಕೆಗೆ, ಮತ್ತೆ ಬುಡಕ್ಕೆ. ಒಂದು ಗರಿ ಮುಗಿಸದೆ ಇನ್ನೊಂದಕ್ಕೆ ಹೋಗಲಿಲ್ಲ. ಶೆಟ್ಟರು ಹಳೆಯ ಅಭ್ಯಾಸದಂತೆ ತಪ್ಪು ಹುಡುಕುತ್ತ ನೋಡಿದರು, ಸಿಗಲಿಲ್ಲ.

"ಇಂಥ ಕೆಲಸದವ ಒಬ್ಬ ಸಿಕ್ಕಿದ್ದಿದ್ರೆ ನಾನು ಹೋಟೆಲ್ ಬಿಡ್ತಿರಲಿಲ್ಲ," ಎಂದು ಗೊಣಗಿದರು.

ಆ ಮಾತಿಗೋ ಏನೋ, ಬಂಡ್ಯಾ ತಲೆ ಓರೆ ಮಾಡಿತು. ಟವಲಿನ ಅಂಚು ಹಿಡಿದು ಮೇಲೆ ಬಂತು. ಟವಲಿನಿಂದ ತೋಳಿಗೆ, ತೋಳಿನಿಂದ ಭುಜಕ್ಕೆ. ಶೆಟ್ಟರು ಕಚ್ಚಿಸಿಕೊಳ್ಳಲು ಸಿದ್ಧರಾಗಿ ಕಣ್ಣು ಮುಚ್ಚಿದರು. ಅದು ಅವರ ಬಿಳಿ ಹುಬ್ಬನ್ನು ಕೊಕ್ಕಿನಲ್ಲಿ ಹಿಡಿದು, ಬುಡದಿಂದ ತುದಿಯವರೆಗೆ, ಒಂದೊಂದೇ ಕೂದಲಾಗಿ ಸವರತೊಡಗಿತು.

ನಿಕಿತಾ ಕಿವಿಯಿಂದ ಫೋನ್ ಇಳಿಸಿದಳು.

"ಪಪ್ಪಾ," ಎಂದಳು ಕನ್ನಡದಲ್ಲಿ, "ಆ ಹಿಟ್ಟಿನ ಡಬ್ಬ ನಿಮ್ಮ ಕೈಗೆ ಸಿಗದ ಹಾಗೆ ಮೇಲೆ ಇಡ್ತೇನೆ. ನಾನು ಪುಣೆಯಲ್ಲಿದ್ದಾಗ ಅದನ್ನು ಇಳಿಸಬಾರದು."

ಜಯಲತಾ ಸೆರಗಿನ ತುದಿ ಹಿಡಿದು ಹತ್ತಿರ ಬಂದರು. "ಹುಬ್ಬಲ್ಲಿ ಎಂತದೋ ಮಿಂಚ್ತಾ ಉಂಟು. ಇರಿ, ಒರೆಸ್ತೇನೆ."

ಶೆಟ್ಟರು ತಲೆ ಅಲ್ಲಾಡಿಸದೆ, ತುಟಿಯನ್ನಷ್ಟೇ ಅಲ್ಲಾಡಿಸಿದರು.

"ಮುಟ್ಬೇಡ ಮಾರಾಯ್ತಿ. ಜಿಡ್ಡು ಇರ್ಲಿ."