ಒಂದು ವಾರದ ಮುಂಗಡ

ಬೀಗ ರಿಪೇರಿಯವನು ಬಾಗಿಲ ಮುಂದೆ ಮಂಡಿಯೂರಿ ಎರಡನೇ ಸ್ಕ್ರೂ ಬಿಚ್ಚುತ್ತಿದ್ದ. ಬೆನ್ನ ಹಿಂದೆ ಮನೆ ಮಾಲೀಕರ ಏಜೆಂಟ್ ಗಡಿಯಾರ ನೋಡಿಕೊಳ್ಳುತ್ತ ನಿಂತಿದ್ದ. ಕೆಲಸಕ್ಕೆ ಹೊಸಬ, ಬಾಡಿಗೆದಾರರನ್ನು ಹೊರಹಾಕಿಸಿದ ಮನೆಗೆ ಬೀಗ ಬದಲಾಯಿಸಲು ಬಂದದ್ದು ಇದೇ ಮೊದಲು. ರಿಪೇರಿಯವನ ನಂಬರು ಅವನಿಗೆ ಸಿಕ್ಕಿದ್ದು ಕೆಳಗೆ ಮೆಟ್ಟಿಲ ಬಳಿ ಅಂಟಿಸಿದ್ದ ಚೀಟಿಯಲ್ಲಿ.

ಹಳೆಯ ಬೀಗ ಕಳಚಿ ಬಂತು. ಏಜೆಂಟ್ ಬಾಗಿಲು ನೂಕಿದ. ಅದು ಅಲುಗಲಿಲ್ಲ.

"ಸ್ವಲ್ಪ ಮೇಲಕ್ಕೆತ್ತಿ ನೂಕಿ ಸಾರ್."

ತೆರೆದುಕೊಂಡಿತು. "ಅನುಭವ ಅಂದ್ರೆ ಇದು," ಎಂದ ಏಜೆಂಟ್.

ಒಳಗೆ ಮನೆ ಖಾಲಿ. ಬಚ್ಚಲ ಬಾಗಿಲಿಗೆ ಚಿಲಕವಿರಲಿಲ್ಲ, ಹಗ್ಗದ ತುಂಡು ಕಟ್ಟಿತ್ತು. ಏಜೆಂಟ್ ಅದನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದ. "ಇಲ್ಲಿದ್ದವನು ಎಂಥ ಸೋಮಾರಿ ಇರಬೇಕು."

"ಎರಡು ವರ್ಷದಿಂದ ನಾಳೆ ಹಾಕ್ತೀನಿ, ನಾಡಿದ್ದು ಹಾಕ್ತೀನಿ ಅಂತಿದ್ದ."

"ಪರಿಚಯವಾ?"

"ಅವನ ಬಂಡವಾಳ ಎಲ್ಲ ನನ್ನ ಹೆಂಡತಿಗೆ ಗೊತ್ತು. ದಿನಾ ಕೂರಿಸಿಕೊಂಡು ನನಗೆ ಹೇಳ್ತಾಳೆ." ರಿಪೇರಿಯವನು ಹೊಸ ಬೀಗವನ್ನು ತೂತಿಗೆ ಕೂರಿಸಿದ. "ಮನೆಗೆ ಮಾರಿ, ಊರಿಗೆ ಉಪಕಾರಿ. ಯಾರು ಕರೆದ್ರೂ ಓಡೋದು, ಕೂಲಿ ಕೇಳೋಕೆ ನಾಚಿಕೆ. ಮಾಲೀಕರ ನೋಟಿಸ್ ಬಂದ್ರೆ ತಲೆದಿಂಬಿನ ಕೆಳಗಿಟ್ಟು ಮಲಗೋದು. ಓದದಿದ್ರೆ ಬಂದೇ ಇಲ್ಲ ಅನ್ನೋ ಬುದ್ಧಿವಂತ."

ಏಜೆಂಟ್ ನಕ್ಕ. "ಈಗ ಎಲ್ಲಿದ್ದಾನೆ?"

"ಮನೆ ಇಲ್ಲದವರಿಗೆ ವಸತಿ ಕಚೇರಿಯವರು ಕೊಡೋ ತುರ್ತು ರೂಮು ಮಂಜೂರಾಗಿದೆ. ಗಂಡ, ಹೆಂಡತಿ, ಮಗಳು. ಎರಡು ಮಂಚ."

"ಬಿಟ್ಟಿ ರೂಮು. ಅದೃಷ್ಟವಂತ."

"ಬಿಟ್ಟಿ ಎಲ್ಲಿ ಬಂತು ಸಾರ್? ಸಂಪಾದನೆ ಇದ್ರೆ ಬಾಡಿಗೆಯಲ್ಲಿ ಪಾಲು ಕಟ್ಟಬೇಕು, ಒಂದು ವಾರದ್ದು ಮುಂಗಡ. ಕೆಲಸ ಇಲ್ಲ ಅಂತ ಬರೆಸಿದ್ರೆ ಮಾಫಿ ಆಗ್ತಿತ್ತು. ಈ ಮಹಾನುಭಾವ ಎದೆ ಉಬ್ಬಿಸಿಕೊಂಡು 'ನಾನು ಕಸುಬುದಾರ' ಅಂದ. ಬಿತ್ತು ಚಾರ್ಜು. ಇವತ್ತು ಮಧ್ಯಾಹ್ನ ಹನ್ನೆರಡರೊಳಗೆ ಕಟ್ಟದಿದ್ರೆ ರೂಮು ಬೇರೆಯವರ ಪಾಲು."

"ಬಾಡಿಗೇನೇ ಕಟ್ಟದವನು ಇದನ್ನು ಕಟ್ಟಿದ ಹಾಗೇ."

ರಿಪೇರಿಯವನು ಕೊನೆಯ ಸ್ಕ್ರೂ ಬಿಗಿದು, ಏಜೆಂಟ್ ಕಿಟಕಿಗಳನ್ನು ಮುಚ್ಚಲು ಒಳಗೆ ಹೋದಾಗ ಬೀಗವನ್ನು ಇನ್ನೊಮ್ಮೆ ಪರೀಕ್ಷಿಸಿದ. ಹೊರಬಂದ ಏಜೆಂಟ್ ಪರ್ಸು ತೆಗೆದು ಚೌಕಾಸಿಗಿಳಿದ. ಎಂದಿನಂತೆ 'ನೀವು ಕೊಟ್ಟಷ್ಟು' ಎಂಬ ಮಾತು ರಿಪೇರಿಯವನ ನಾಲಗೆಯ ತುದಿಗೆ ಬಂತು. ನುಂಗಿಕೊಂಡ.

"ನಾಚಿಕೆ ಬಿಟ್ಟು ಕೇಳ್ತಿದ್ದೀನಿ ಸಾರ್. ಪೂರ್ತಿ ಕೊಡಿ."

ಪೂರ್ತಿ ಸಿಕ್ಕಿತು. ಚೀಲವನ್ನು ಹೆಗಲಿಗೇರಿಸಿ, ಎರಡು ಬೀದಿ ಓಡುನಡಿಗೆಯಲ್ಲಿ ದಾಟಿ, ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ವಸತಿ ಕಚೇರಿಯ ಕೌಂಟರಿಗೆ ಬಂದ. ನೋಟುಗಳನ್ನು ಕಿಂಡಿಯೊಳಗೆ ತಳ್ಳಿದ. ರಸೀದಿ ಹೊರಬಂತು, ಅದರ ಹಿಂದೆಯೇ ರೂಮಿನ ಸಂಖ್ಯೆ ಬರೆದ ಚೀಟಿ. ಬೆಂಚಿನ ಮೇಲೆ ಮಗಳನ್ನು ಒರಗಿಸಿಕೊಂಡು ಕೂತಿದ್ದ ಅವನ ಹೆಂಡತಿ ಎರಡನ್ನೂ ಇಸಿದುಕೊಂಡು ಎರಡೆರಡು ಸಲ ಓದಿದಳು.

"ಬೀಗ ಸರಿಯಾಗಿ ಹಾಕಿದ್ರಿ ತಾನೆ?"

"ನಮ್ಮ ಹಳೇ ಚಾವಿ ಹಾಕಿ ನೋಡಿದೆ ಕಣೇ," ಎಂದ ಅವನು. "ಜಪ್ಪಯ್ಯ ಅಂದ್ರೂ ತೆಗೀಲಿಲ್ಲ."