ದೊಡ್ಡವ್ವನ ಒಪ್ಪಿಗೆ

ರಾಷ್ಟ್ರೀಯ ಉದ್ಯಾನದೊಳಗಿನ ಕ್ಯಾಂಟೀನು ಮಾರಬೇಕಾದರೆ ಆನೆಯ ಒಪ್ಪಿಗೆ ಬೇಕೆಂದು ಕಾನೂನು ಬಂದು ವರ್ಷಗಳೇ ಆಗಿದ್ದವು. ಹಿಂಡಿನ ಹಿರಿಯಾನೆ ದೊಡ್ಡವ್ವ ಬಂದು ಮೂಸಿ, ಯಾರ ಹೆಗಲ ಮೇಲೆ ಸೊಂಡಿಲಿಡುತ್ತಾಳೋ ಅವರೇ ಮಾಲೀಕರು.

ಮಂಡಿನೋವಿನಿಂದ ಹೈರಾಣಾಗಿ ಕ್ಯಾಂಟೀನು ಮಾರಲು ಹೊರಟಿದ್ದ ಒಡತಿ ಜಯಶೀಲಮ್ಮ ಹಿಂದೆ ಕರೆತಂದ ಗಿರಾಕಿಗಳತ್ತ ದೊಡ್ಡವ್ವ ತಿರುಗಿಯೂ ನೋಡಿರಲಿಲ್ಲ. ಈ ಸಲ ಆಕೆ ಒಂದು ಉಪಾಯ ಹೂಡಿದಳು. ದೋಸೆ ಹುಯ್ಯುವಾಗ ತಾನು ಬೆವರೊರೆಸಿಕೊಳ್ಳುವ ಟವೆಲನ್ನು, ಕೊಳ್ಳಲೆಂದು ಹುಣಸೂರಿನಿಂದ ಬಂದಿದ್ದ ನಸೀರ್ ಸಾಹೇಬರ ಕೊರಳಿಗೆ ಸುತ್ತಿದಳು.

“ದಿನಾ ಮೊದಲ್ನೇ ದೋಸೆ ದೊಡ್ಡವ್ವಂಗೇ ಹಾಕೋದು. ನನ್ ವಾಸ್ನೆ ಅಂದ್ರೆ ಅವ್ಳಿಗೆ ಪ್ರಾಣ. ಅಲ್ಲಾಡ್ದಂಗೆ ನಿಂತ್ಕಳಿ ಸಾಬ್ರೆ.”

ದೊಡ್ಡವ್ವ ಬಂದಳು. ಸಾಹೇಬರನ್ನು ಆಪಾದಮಸ್ತಕ ಮೂಸಿದಳು. ಟವೆಲನ್ನು ಮೆಲ್ಲಗೆ ಎಳೆದುಕೊಂಡು ನೇರ ಒಲೆಯ ಹತ್ತಿರ ಬಂದು, ಅದನ್ನು ಜಯಶೀಲಮ್ಮನ ಹೆಗಲಿಗೆ ಹಾಕಿ, ಸೊಂಡಿಲನ್ನೂ ಅಲ್ಲೇ ಊರಿದಳು.

ಸರ್ಕಾರದ ಪರವಾಗಿ ಬಂದಿದ್ದ ಅಧಿಕಾರಿ ಕುಶಾಲಪ್ಪ ಮುದ್ರೆ ಒತ್ತಿಯೇಬಿಟ್ಟರು. “ಮಾರಿದೋರೂ ನೀವೇ, ಕೊಂಡೋರೂ ನೀವೇ. ಇನ್ನು ಐದು ವರ್ಷ ಮಾರೋ ಹಾಗಿಲ್ಲಮ್ಮ.”

ಜಯಶೀಲಮ್ಮನ ಪಿತ್ತ ನೆತ್ತಿಗೇರಿತು. ಸೌಟನ್ನು ಹಿಟ್ಟಿನ ಪಾತ್ರೆಗೆ ಎಸೆದಳು. “ನಿಲ್ಲಕ್ಕೇ ಆಯ್ತಿಲ್ಲ ಅಂತ ಬಡ್ಕತಾ ಇವ್ನಿ! ಆನೆ ಒಪ್ಗೆ ಕೇಳ್ತೀರಲ್ಲ, ನನ್ ಒಪ್ಗೆ ಕೇಳೋರು ಯಾರೂ ಇಲ್ವಾ?”

ಕುಶಾಲಪ್ಪ ಕಾನೂನಿನ ಪುಸ್ತಕವನ್ನು ತಾಳ್ಮೆಯಿಂದ ಕೊನೆಯ ಪುಟದವರೆಗೂ ತಿರುವಿದರು.

“ಮನುಷ್ಯರನ್ನ ಇನ್ನೂ ಸೇರ್ಸಿಲ್ಲಮ್ಮ,” ಎಂದರು.